ಭೋಲಾನ ಮೇಲೆ ಉಳಿಸಿದ ಖರ್ಚು

ಇಂದ:
ಹಣಮಂತ್ರಾಯ ವಲ್ದ್ (ತಂದೆ) ಅಮರಪ್ಪ,
ಗುಮಾಸ್ತ, ಖರ್ಚುವೆಚ್ಚದ ಮೇಜು,
ತಹಸೀಲ ಕಚೇರಿ, ಶಹಾಪುರ. (ಸ್ವಂತ ಊರು ಸುರಪುರ.)

ಗೆ:
ಮೆಹರಬಾನ್ ತಹಸೀಲ್ದಾರ ಸಾಹೇಬರು,
ಶಹಾಪುರ.

ದಿನಾಂಕ: ೧೯ ಬಹಮನ್, ೧೩೫೦ ಫಸಲಿ.

ವಿಷಯ: ಬದುಕಿರುವ ಅತ್ತೆ ತೀರಿಕೊಂಡಿದ್ದಾರೆಂದು ಬರೆದುಕೊಟ್ಟು ಐದು ದಿನ ರಜೆ ಪಡೆದುದಕ್ಕೆ ನಿಜವಾದ ಕಾರಣ, ಅಂದರೆ ನಾಯಿಯ ಬೀಜ ತೆಗೆಸಿದ ವಿಚಾರ, ತಿಳಿಸುವ ಬಗ್ಗೆ.

ಉಲ್ಲೇಖ: (ಅ) ಬಹಮನ್ ೧೨ರ ನನ್ನ ರಜೆ ಅರ್ಜಿ. (ಆ) ಬಹಮನ್ ೧೪ರಂದು ಸದರಿ ಮೃತ ಅತ್ತೆಯವರು ಖುದ್ದಾಗಿ ಕಚೇರಿಗೆ ಬಂದದ್ದು. (ಇ) ಇದಕ್ಕೆ ವಿವರಣೆ ಕೇಳಿದ ತಮ್ಮ ನೋಟಿಸು.

ಮೆಹರಬಾನ್ ಮಾನ್ಯರೇ,

ಹನ್ನೊಂದು ವರ್ಷಗಳಿಂದ ಇತರರ ಖರ್ಚಿನ ಪಟ್ಟಿಗಳಿಗೆ ಕೆಂಪು ಮಸಿಯ ಗೀರು ಎಳೆಯುತ್ತ ಬಂದ ನಾನು, ಈ ಸಲ ನನ್ನ ಮೇಲೆಯೇ ಗೀರು ಎಳೆದುಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಕಚೇರಿಯ ಕಾಗದ ಉರ್ದುವಿನಲ್ಲಿರಬೇಕೆಂಬ ನಿಯಮ ನನಗೆ ಗೊತ್ತು. ಆದರೆ ಈ ಸಂಗತಿಯನ್ನು ಉರ್ದುವಿನಲ್ಲಿ ಬರೆದರೆ ಇಡೀ ಕಚೇರಿ ಓದುತ್ತದೆ. ತಾವು ಕನ್ನಡ ಬಲ್ಲಿರಿ. ಉಳಿದವರಲ್ಲಿ ಕನ್ನಡ ಓದಬಲ್ಲವರು ಇಬ್ಬರೇ, ಆ ಇಬ್ಬರಿಗೂ ವಿಷಯ ಆಗಲೇ ತಿಳಿದಿದೆ. ಆದ್ದರಿಂದ ಕನ್ನಡ.

೨. ನನ್ನ ಮನೆಯಲ್ಲಿ ಎರಡು ಗಂಡು ನಾಯಿಗಳಿವೆ. ಒಂದು ರಾಜಾ. ಸುರಪುರದ ಬೇಟೆಯ ಮನೆತನವೊಂದರಿಂದ ಬಂದದ್ದು, ಉದ್ದ ಮೂತಿ, ಸಣ್ಣ ನಡು. ಸಂಜೆ ಅದನ್ನು ಹಿಡಿದುಕೊಂಡು ಬಜಾರಿನಲ್ಲಿ ನಡೆದರೆ ಜನ ಮೊದಲು ಅದನ್ನು ನೋಡಿ ಆಮೇಲೆ ನನಗೆ ಸಲಾಮು ಮಾಡುತ್ತಾರೆ. ಇನ್ನೊಂದು ಭೋಲಾ. ಅದು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಮಳೆಯಲ್ಲಿ ನೆನೆದು ಬಾಗಿಲಿಗೆ ಬಂದಿದ್ದ ಮರಿಗೆ ನನ್ನ ಹೆಂಡತಿ ಮಲ್ಲಿಕಮ್ಮ ರೊಟ್ಟಿ ಹಾಕಿದಳು, ಅದು ಉಳಿಯಿತು. ಯಾರಾದರೂ ಕೇಳಿದರೆ ನಾನು, "ರಾಜಾ ನಮ್ಮದು, ಇನ್ನೊಂದು ನಮ್ಮ ಮನಿಯಾಗ ರೊಟ್ಟಿ ತಿಂತಾದ ಅಷ್ಟೇ" ಎಂದು ಹೇಳುತ್ತಿದ್ದೆ.

೩. ಎರಡೂ ನಾಯಿಗಳು ಹೆಣ್ಣಿನ ವಾಸನೆ ಹಿಡಿದು ಎರಡೆರಡು ದಿನ ಮನೆ ಬಿಡತೊಡಗಿದವು. ಬರುವಾಗ ಕಿವಿ ಹರಿದುಕೊಂಡು, ಕುಂಟಿಕೊಂಡು ಬರುತ್ತಿದ್ದವು. ಅಷ್ಟರಲ್ಲಿ, ಹುಚ್ಚುನಾಯಿಯ ಕಾಟ ಹೆಚ್ಚಿದ್ದರಿಂದ ಬೀದಿಯಲ್ಲಿ ಅಲೆಯುವ ನಾಯಿಗಳಿಗೆ ಗುಂಡು ಹಾಕಲಾಗುವುದೆಂದು ಡಂಗುರ ಸಾರಿದರು. ಬೀಜ ತೆಗೆಸಿದರೆ ನಾಯಿ ಮನೆ ಬಿಡುವುದಿಲ್ಲವೆಂದು ತಿಳಿದವರು ಹೇಳಿದರು. ಕಾರಣ, ಈ ಕೆಲಸ ಅಗತ್ಯವೆಂದು ನಾನೂ ಮಲ್ಲಿಕಮ್ಮನೂ ಒಪ್ಪಿದೆವು. ನಮ್ಮಿಬ್ಬರ ಒಪ್ಪಿಗೆ ಅಲ್ಲಿಗೇ ಮುಗಿಯಿತು.

೪. ಮೊದಲು ಯಾದಗಿರಿಯ ದನದ ದವಾಖಾನೆಗೆ ಹೋಗಿ ಸಲೋತ್ರಿ ಡಾಕ್ಟರ್ ನಸೀರುದ್ದೀನ ಸಾಹೇಬರನ್ನು ವಿಚಾರಿಸಿದೆ. ಕ್ಲೋರೋಫಾರ್ಮ್, ಔಷಧಿ, ಹೊಲಿಗೆ ಎಲ್ಲ ಸೇರಿ ನಾಯಿಯೊಂದಕ್ಕೆ ಹಾಲಿ ಸಿಕ್ಕಾ ನಾಣ್ಯದಲ್ಲಿ ಐದು ರೂಪಾಯಿ ಎಂದರು. ನಾನು ಅಪಾಯ ಉಂಟೇ ಎಂದು ಕೇಳಿದೆ.

"ಇಲ್ಲ ಅಂತ ಹ್ಯಾಂಗ ಹೇಳ್ಲಿ ಸಾಬ್? ಕ್ಲೋರೋಫಾರ್ಮ್ ಕೊಟ್ಟ ಮ್ಯಾಲ ಒಂದೊಂದು ಏಳಂಗಿಲ್ಲ. ಹಿಂದಿನ ದಿನ ಅನ್ನ ಹಾಕಬ್ಯಾಡ್ರಿ, ಎದಿ ನಾ ನೋಡ್ತೀನಿ, ಎಚ್ಚರಿಕಿಲೆ ಮಾಡ್ತೀನಿ. ಮನಿಯಾಗ ಇನ್ನೊಂದು ನಾಯಿ ಅದ ಏನು?"

ನಾನು ಇಲ್ಲ ಎಂದೆ.

೫. ಹೀಗೆ ಹೇಳಲು ಕಾರಣ, ಶಹಾಪುರದಲ್ಲಿ ಅಯ್ಯಣ್ಣ ಎಂಬುವನು ಇದ್ದಾನೆ. ಹೋರಿಗಳ ಬೀಜ ಬಡಿದು ಎತ್ತು ಮಾಡುವುದು ಅವನ ಕಸುಬು. ಅವನಿಗೆ ಎಂಟಾಣೆ ಮತ್ತು ಒಂದು ಸೇರು ಜೋಳ ಕೊಟ್ಟರೆ ಸಾಕು. ಆದ್ದರಿಂದ ರಾಜಾಗೆ ದವಾಖಾನೆ, ಭೋಲಾಗೆ ಅಯ್ಯಣ್ಣ ಎಂದು ಹಂಚಿಕೆ ಮಾಡಿದೆ. ಖರ್ಚು ಮತ್ತು ಸುರಕ್ಷತೆ ಎರಡನ್ನೂ ಸರಿಯಾಗಿ ತೂಗಿದ ಏಕೈಕ ಮನುಷ್ಯ ನಾನೆಂದು ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

೬. ರಾಜಾನ ಕೆಲಸ ಯಾದಗಿರಿಯಲ್ಲಿ ಸುಸೂತ್ರವಾಗಿ ಆಯಿತು. ಗಾಡಿಯಲ್ಲಿ ಹೋಯಿತು, ಗಾಡಿಯಲ್ಲಿ ಬಂತು, ನಾಲ್ಕು ದಿನಕ್ಕೆ ಓಡಾಡಿತು.

೭. ಮರುವಾರ ಮಲ್ಲಿಕಮ್ಮ ತಿಂಥಣಿಯ ತವರಿಗೆ ಹೋದಳು. ಅಯ್ಯಣ್ಣನನ್ನು ನಾನು ಅದೇ ದಿನ ಕರೆಸಿದ್ದು ಆಕಸ್ಮಿಕವಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಯ್ಯಣ್ಣ ಬಂದವನು ಭೋಲಾನನ್ನು ನೋಡಿ ತಲೆ ಕೆರೆದುಕೊಂಡ.

"ರಾಯರ, ನಾ ನಾಯಿ ಮಾಡಿಲ್ರಿ."

"ಹೋರಿ ಮಾಡ್ತಿಯಲ್ಲೋ. ಹೋರಿಕಿಂತ ನಾಯಿ ಸಣ್ಣದು."

"ಸಣ್ಣದು ಖರೇರಿ. ಆದ್ರ ಹೋರಿದು ತೊಗಲು ಬ್ಯಾರೆ, ನಾಯಿದು ಬ್ಯಾರೆ. ಮತ್ತ ಹೋರಿ ಕಚ್ಚಂಗಿಲ್ರಿ."

"ಕಚ್ಚಲಾರದಂಗ ನಾ ಹಿಡೀತೀನಿ, ನೀ ಮಾಡು."

ಮಾನ್ಯರೇ, ಓದಿದ ಡಾಕ್ಟರರೂ ಅನುಮಾನಪಟ್ಟರು, ಓದದ ಅಯ್ಯಣ್ಣನೂ ಅನುಮಾನಪಟ್ಟ. ಏನೂ ಗೊತ್ತಿಲ್ಲದ ನಾನೊಬ್ಬನೇ ಧೈರ್ಯವಾಗಿದ್ದೆ.

ನಾನು ಕಾಲುಗಳಿಗೆ ಹಗ್ಗ ಕಟ್ಟುವಾಗ ಭೋಲಾ ಬಾಲ ಅಲ್ಲಾಡಿಸುತ್ತಿತ್ತು. ನಾನು ಅದರ ಜೊತೆ ಎಂದೂ ಆಡಿದವನಲ್ಲ. ಈಗ ಆಡಲು ಬಂದಿದ್ದೇನೆಂದು ತಿಳಿದಿರಬೇಕು. ಅಯ್ಯಣ್ಣ ಎರಡು ಕೋಲುಗಳ ನಡುವೆ ಹಿಡಿದು ತನ್ನ ಕೆಲಸ ಮಾಡಿದ. ಭೋಲಾ ಕೂಗಿದ್ದನ್ನು ಬರೆಯಲು ಕಚೇರಿಯ ಭಾಷೆಯಲ್ಲಿ ಪದವಿಲ್ಲ. ಅಯ್ಯಣ್ಣ ಜೋಳವನ್ನೂ ತೆಗೆದುಕೊಳ್ಳದೆ, "ಅರಿಶಿಣ ಹಚ್ರಿ, ಮತ್ತ ನನ್ನ ಕರೀಬ್ಯಾಡ್ರಿ" ಎಂದು ಹೋಗಿಬಿಟ್ಟ.

೮. ಮೂರನೆಯ ದಿನ ಮಧ್ಯಾಹ್ನ ಮಲ್ಲಿಕಮ್ಮ ಬಂದಳು. ಭೋಲಾ ಎದುರಿಗೆ ಓಡಿ ಬರಲಿಲ್ಲ. ಕಟ್ಟಿಗೆ ರಾಶಿಯ ಹಿಂದೆ ಮೈ ಕೆಂಡವಾಗಿ ಮಲಗಿತ್ತು, ಹಿಂಗಾಲುಗಳ ನಡುವೆ ಬಾತು ಕೀವಾಗಿತ್ತು. ನಾನು ಅದೇನೋ ಮುಳ್ಳು ಚುಚ್ಚಿರಬೇಕೆಂದೆ. ಅವಳು ಕಾಲಿನ ಮೇಲಿನ ಹಗ್ಗದ ಗುರುತು ನೋಡಿದಳು, ನನ್ನನ್ನೂ ನೋಡಿದಳು.

"ರಾಜಾಗ ದವಾಖಾನಿ, ಭೋಲಾಗ ಕೋಲು. ನಾಳಿ ನನಗ ಜಡ್ಡು ಬಂದ್ರ ನನಗೇನ್ ತರ್ತೀರಿ? ನಾ ಏನು ಸುರಪುರದ ಜಾತಿ ನಾಯಿ ಅಲ್ಲ."

ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ನನ್ನ ಮುಂದೆ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಕಳೆದ ವರ್ಷ ಅವಳಿಗೆ ಚಳಿಜ್ವರ ಬಂದಾಗ ನಾನು ದವಾಖಾನೆಗೆ ಒಯ್ಯದೆ ಎಂಟು ದಿನ ಕಷಾಯದಲ್ಲೇ ಕಳೆದಿದ್ದೆ. ಅವಳು ಅದನ್ನು ಎತ್ತಲಿಲ್ಲ, ನನಗೇ ನೆನಪಾಯಿತು.

"ಗಾಡಿ ಕಟ್ಟಸ್ರಿ. ಇಲ್ಲಂದ್ರ ಹೊತ್ಗೊಂಡು ಹೋಗ್ತೀನಿ" ಎಂದಳು. ತಿಂಥಣಿಯ ಹೊಳೆದಂಡೆಯ ಮಗಳು, ಮೀನಿನ ಬುಟ್ಟಿ ಹೊತ್ತು ಹರದಾರಿ ನಡೆದವಳು. ಹೊತ್ತುಕೊಂಡೇ ಹೋಗುತ್ತಿದ್ದಳು.

೯. ಆಗ ಜಮಾಬಂದಿಯ ಕಂದಾಯ ಲೆಕ್ಕದ ಕಾಗದಗಳ ತಯಾರಿ ನಡೆದಿತ್ತು. ನಾಯಿಯ ಕಾಯಿಲೆಗೆ ರಜೆ ಕೊಡುವ ನಿಯಮವಿಲ್ಲ. ತಂದೆ ತಾಯಿ ತೀರಿಕೊಂಡರೆಂದು ಬರೆಯೋಣವೆಂದರೆ ಇಬ್ಬರೂ ಆಗಲೇ ನಿಜವಾಗಿಯೇ ತೀರಿಕೊಂಡು, ಆ ರಜೆಗಳು ಖರ್ಚಾಗಿದ್ದವು. ಉಳಿದವರು ಅತ್ತೆ ಭೀಮವ್ವನವರು ಒಬ್ಬರೇ. ಆದಕಾರಣ ಗಾಡಿಯ ಗಾಲಿಯ ಮೇಲೆ ಕಾಗದ ಇಟ್ಟು ಅವರ ಮರಣವನ್ನು ಬರೆದು, ಜವಾನ ಖಾಜಾಹುಸೇನನ ಕೈಯಲ್ಲಿ ಕಳಿಸಿದೆ. ರಾಜಾನನ್ನು ಪಕ್ಕದ ಮನೆಯ ಲಾಲಮ್ಮನಲ್ಲಿ ಬಿಟ್ಟೆವು.

೧೦. ಯಾದಗಿರಿಯ ದಾರಿಯಲ್ಲಿ ಮಲ್ಲಿಕಮ್ಮ ಭೋಲಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಬಾಯಿ ಒರೆಸುತ್ತಿದ್ದಳು. ಮರುದಿನ ಡಾಕ್ಟರ್ ಸಾಹೇಬರು ನಾಯಿಯನ್ನು ನೋಡಿದವರೇ ಕೇಳಿದರು:

"ಇದ್ಯಾರ ನಾಯಿ?"

ಮಲ್ಲಿಕಮ್ಮ ನನ್ನ ಕಡೆ ತಿರುಗಿದಳು.

"ನಮ್ಮದ್ರಿ" ಎಂದೆ.

"ಹ್ವಾದ ಸಲ ಕೇಳಿದ್ದಕ್ಕ ಇನ್ನೊಂದಿಲ್ಲ ಅಂದ್ರಿ. ಎರಡೂ ಕೂಡೇ ತಂದಿದ್ರ ಗಾಡಿ ಬಾಡಿಗಿ ಒಂದೇ ಆಗ್ತಿತ್ತಲ್ರೀ?"

ಖರ್ಚುವೆಚ್ಚದ ಮೇಜಿನಲ್ಲಿ ಹನ್ನೊಂದು ವರ್ಷ ಕೂತ ನನಗೆ ಈ ಲೆಕ್ಕ ಹೊಳೆದಿರಲಿಲ್ಲವೆಂಬುದನ್ನು ತಾವು ನನ್ನ ಬಡ್ತಿಯ ಸಮಯದಲ್ಲಿ ಗಮನಿಸಬಹುದು.

ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು: "ಜ್ವರ ಭಾಳ ಅದ. ಈಗ ಕ್ಲೋರೋಫಾರ್ಮ್ ಕೊಟ್ರ ಏಳ್ತಾದೋ ಇಲ್ಲೋ ನಾ ಹೇಳಲಾರೆ. ಹಂಗೇ ಬಿಟ್ರ ಸಾಯ್ತಾದ, ಇದು ಹೇಳಬಲ್ಲೆ. ಮಾಲೀಕರು ಯಾರೋ ಅವರು ಇಲ್ಲಿ ರುಜು ಮಾಡ್ರಿ."

ಚೀಟಿಯಲ್ಲಿ "ಮಾಲೀಕ" ಎಂಬಲ್ಲಿ ನಾನು ನನ್ನ ಹೆಸರನ್ನೂ ತಂದೆಯ ಹೆಸರನ್ನೂ ಬರೆದೆ. ನಾಯಿಯ ಕಡೆಗೇ ನೋಡುತ್ತ ಬರೆದದ್ದರಿಂದ ರುಜು ಕಚೇರಿಯಲ್ಲಿರುವ ನಮೂನೆಗೆ ಹೊಂದುವುದಿಲ್ಲ.

೧೧. ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಒಳಗಿಂದ ಸದ್ದಿಲ್ಲ. ಮಲ್ಲಿಕಮ್ಮ, "ನನಗೊಂದು ಮಾತು ಕೇಳಬೇಕಿತ್ತಿಲ್ಲ?" ಎಂದಳು. "ಕೇಳಿದ್ರ ನೀ ಬ್ಯಾಡ ಅಂತಿದ್ದಿ" ಎಂದೆ. "ಅದಕ್ಕ ನೀವು ಕೇಳಲಿಲ್ಲ" ಎಂದಳು. ನಾನು ಹೌದೆಂದೆ. ಆಗ ಅವಳು ಅತ್ತಳು. ನಾನೂ ಅತ್ತೆನೆಂಬುದನ್ನು ದಾಖಲೆಗೆ ಸೇರಿಸುವ ಅಗತ್ಯವಿಲ್ಲ.

ಸಂಜೆಗೆ ಮುಂಚೆ ಡಾಕ್ಟರ್ ಸಾಹೇಬರು ತೋಳು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಎದ್ದಾದ್ರಿ. ವಾಂತಿ ಮಾಡ್ಕೊಂಡಾದ. ವಾಂತಿ ಮಾಡಿದ್ದು ಛಲೋ" ಎಂದರು. ನಾಯಿ ವಾಂತಿ ಮಾಡಿತೆಂದು ಇಷ್ಟು ಸಂತೋಷಪಟ್ಟ ಗುಮಾಸ್ತ ಈ ತಹಸೀಲಿನಲ್ಲಿ ಇನ್ನೊಬ್ಬನಿರಲಾರ. ಪಟ್ಟಿ ಕಟ್ಟಿಸಲು ಇನ್ನೂ ಮೂರು ದಿನ ಅಲ್ಲೇ ಉಳಿದೆವು.

೧೨. ಇತ್ತ ಬಹಮನ್ ೧೪ರಂದು ಭೀಮವ್ವನವರು ಮಗಳು ತವರಿನಲ್ಲಿ ಮರೆತು ಬಂದಿದ್ದ ಒಣಮೀನು ತೆಗೆದುಕೊಂಡು ಶಹಾಪುರಕ್ಕೆ ಬಂದಿದ್ದಾರೆ. ಮನೆಗೆ ಬೀಗ ಕಂಡು ಸೀದಾ ಕಚೇರಿಗೆ ಬಂದಿದ್ದಾರೆ. ಮುಂದಿನದನ್ನು ಖಾಜಾಹುಸೇನ ನನಗೆ ಹೇಳಿದಂತೆ ಬರೆಯುತ್ತೇನೆ.

"ನಮ್ಮ ಅಳಿಯ ಹಣಮಂತ್ರಾಯ ಎಲ್ಲಿ ಹೋಗ್ಯಾನ್ರಿ?"

"ಅವರ ಅತ್ತಿ ಗುಜರ್ ಗಯೇ ಅಮ್ಮಾ, ಪಾಪ. ತಿಂಥಣಿಗೆ ಹೋಗ್ಯಾರ."

"ಯಾವ ಅತ್ತಿ?"

"ಭೀಮವ್ವ ಅಂತ."

"ಅಯ್ಯ! ನಾ ಯಾವಾಗ ಸತ್ತೆನೋ ಯಪ್ಪಾ?"

ತಾವು ಈ ಗದ್ದಲ ಕೇಳಿ ಹೊರಗೆ ಬಂದು, ಅವರನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಡಿಸಿದಿರಿ. ಮೃತರೊಬ್ಬರನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಂಡದ್ದಕ್ಕೆ ನಮ್ಮ ಕುಟುಂಬ ತಮಗೆ ಋಣಿ.

೧೩. ಬಹಮನ್ ೧೭ರಂದು ನಮ್ಮ ಗಾಡಿ ಮನೆಯ ಮುಂದೆ ನಿಂತಾಗ ಭೀಮವ್ವನವರು ಲಾಲಮ್ಮನ ಕಟ್ಟೆಯ ಮೇಲೆ ಕೂತಿದ್ದರು.

"ಬಾರಪ್ಪ ಅಳಿಯಾ, ನನ್ನ ಮಣ್ಣ ಮಾಡಿ ಬಂದ್ಯಾ?"

ನಾನು ಗಾಡಿಯಿಂದ ಇಳಿಯಲಿಲ್ಲ. ಮಲ್ಲಿಕಮ್ಮ ಇಳಿದು ಎಲ್ಲವನ್ನೂ ಹೇಳಿದಳು. ನನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ, ಆದರೆ ವಿರುದ್ಧವಾಗಿಯೂ ಒಂದು ಮಾತು ಹೆಚ್ಚು ಹೇಳಲಿಲ್ಲ. ಭೀಮವ್ವನವರು ಬಂದು ಗಾಡಿಯೊಳಗೆ ಬಗ್ಗಿ, ಪಟ್ಟಿ ಕಟ್ಟಿದ ಭೋಲಾನ ಹೊಟ್ಟೆಯ ಮೇಲೆ ಕೈ ಇಟ್ಟರು.

"ಉಸಿರಾಡಾಕತ್ತದ. ಹೋಗ್ಲಿ ಬಿಡು. ಇದು ಬದುಕಲಿಕ್ಕ ನಾ ಸಾಯಬೇಕಿತ್ತು ಅಂದ್ರ ಸತ್ತೆ, ಏನೀಗ? ಆದ್ರ ಅಳಿಯಾ, ನನಗ ಜಡ್ಡಾದಾಗ ಆ ಅಯ್ಯಣ್ಣನ್ನ ಕರೀಬ್ಯಾಡಪ್ಪ."

ಮಲ್ಲಿಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆರು ದಿನದಲ್ಲಿ ಅದೇ ಮೊದಲ ನಗು. ಅದು ನನ್ನ ಮೇಲಿನ ನಗುವಾದರೂ ನಾನು ತಕರಾರು ಮಾಡಲಿಲ್ಲ.

ಆದ್ದರಿಂದ ಮೇಲ್ಕಂಡ ಕಾರಣಗಳಿಂದಾಗಿ ಪ್ರಾರ್ಥಿಸುವುದೇನೆಂದರೆ: ಬಹಮನ್ ೧೨ರ ಅರ್ಜಿಯನ್ನು ರದ್ದು ಮಾಡಿ, ಐದು ದಿನದ ಪಗಾರ ಕಡಿದು, ತಾವು ಯೋಗ್ಯವೆಂದು ಕಂಡ ದಂಡ ವಿಧಿಸಬೇಕು. ಪಗಾರದಲ್ಲಿ ವಿನಾಯಿತಿ ಬೇಡ. ಆದರೆ ಇನ್ನು ಹತ್ತು ದಿನ, ಮಧ್ಯಾಹ್ನ ಅರ್ಧ ಗಂಟೆ ಮನೆಗೆ ಹೋಗಲು ಅನುಮತಿ ಕೊಡಬೇಕು. ಮಲ್ಲಿಕಮ್ಮ ಗಾಯ ತೊಳೆಯುವಾಗ ಭೋಲಾನ ಬಾಯಿ ಹಿಡಿಯಲು ಒಬ್ಬರು ಬೇಕು. ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಲು ಅವಳು ಒಪ್ಪಿಲ್ಲ, ನಾನೂ ಕೇಳಿಲ್ಲ.

ಸದ್ಯಕ್ಕೆ ಯಾರ ವಿಶ್ವಾಸಕ್ಕೂ ಅರ್ಹನಲ್ಲದಿದ್ದರೂ, ತಮ್ಮ ವಿಶ್ವಾಸಿ,
ಹಣಮಂತ್ರಾಯ

ಲಗತ್ತುಗಳು:
೧. ಡಾಕ್ಟರ್ ನಸೀರುದ್ದೀನ ಸಾಹೇಬರ ಚೀಟಿ. ಇದರಲ್ಲಿ "ಮಾಲೀಕ" ಎಂಬಲ್ಲಿ ನನ್ನ ಹೆಸರಿದೆ.
೨. ಭೀಮವ್ವನವರ ಎಡಗೈ ಹೆಬ್ಬೆಟ್ಟು, ಇಂದಿನ ತಾರೀಖಿನದು. ಇನ್ನೂ ಒದ್ದೆಯಾಗಿದೆ, ದಯವಿಟ್ಟು ಮಡಚಬಾರದು.

ವಿ.ಸೂ.: ಭೋಲಾ ಮಲ್ಲಿಕಮ್ಮನ ಕೈಯಿಂದ ಹಾಲು ಕುಡಿಯುತ್ತಿದೆ. ನನ್ನನ್ನು ಕಂಡರೆ ಇನ್ನೂ ಗುರುಗುಟ್ಟುತ್ತದೆ, ನಿನ್ನೆ ಬಲಗೈಗೆ ಕಚ್ಚಿಯೂ ಕಚ್ಚಿತು. ಅದು ನ್ಯಾಯವೇ ಆದ್ದರಿಂದ ನಾನು ಕೈ ಹಿಂದಕ್ಕೆ ತೆಗೆದುಕೊಂಡಿಲ್ಲ. ಕಾರಣ, ಗಾಯ ಮಾಯುವವರೆಗೆ ಜಮಾಬಂದಿಯ ಕಾಗದಗಳನ್ನು ಎಡಗೈಯಲ್ಲಿ ಬರೆಯಲು ಅಪ್ಪಣೆಯಾಗಬೇಕು.