ಕಾಲುವೆ ಮಾಮನ ಮನೆಗೆ ಬೂಸ್ಟರ್ ಬಂದದ್ದು

ಭಾನುವಾರ ಬೆಳಿಗ್ಗೆ ಲೈನ್‌ಮನ್ ತಾತ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ಎದೆಗವಚಿಕೊಂಡು ಮೂರನೇ ಮಹಡಿ ಹತ್ತಿ ಬಂದದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

“ಏನು ತಾತ ಅದು?” ಎಂದ ಕಾಲುವೆ ಮಾಮ, ಟೀ ಲೋಟ ಕೆಳಗಿಟ್ಟು.

“ಬೂಸ್ಟರ್. ಆಂಟೆನಾ ಕಂಬಕ್ಕೆ ಕಟ್ಟಿದ್ರೆ ಸಿಗ್ನಲ್ ಗಟ್ಟಿಯಾಗಿ ಬರುತ್ತೆ. ಇವತ್ತು ಸಂಜೆ ಐದಕ್ಕೆ ಟೀವಿಯೋರ ವಾರ್ಷಿಕೋತ್ಸವ, ಹಳೇದೆಲ್ಲ ತೋರಿಸ್ತಾರೆ. ನಿಮ್ಮ ಕತ್ತೆ ಮತ್ತೆ ಬರುತ್ತೆ. ಈ ಸಲನಾದ್ರೂ ನಿಮ್ಮ ಮುಖ ಕಣ್ತುಂಬ ನೋಡೋಣ ಅಂತ ಕಟ್ಟಡದೋರೆಲ್ಲ ಸೇರಿ ತಂದಿದ್ದೀವಿ.”

ಮಾಮನ ಮುಖ ನೀಲಿ ಹಾಕಿ ಹಿಂಡಿದ ಬಿಳಿ ಅಂಗಿಯ ಹಾಗಾಯಿತು.

ಹನ್ನೆರಡು ವರ್ಷದ ಹಿಂದೆ ಕಾಲುವೆಗೆ ಕತ್ತೆಮರಿಯೊಂದು ಬಿದ್ದಿತ್ತು. ಒಬ್ಬ ಮನುಷ್ಯ ಧುಮುಕಿ ಅದನ್ನು ಹೆಗಲ ಮೇಲೆ ಹೊತ್ತು ತಂದ. ಟೀವಿಯವರ ಕ್ಯಾಮೆರಾ ಬೇರೆ ಯಾವುದೋ ಕೆಲಸಕ್ಕೆ ಬಂದದ್ದು ಅದನ್ನು ಹಿಡಿಯಿತು. ನಮ್ಮ ಮಾಮ, ಆಗಿನ್ನೂ ಮಾಮನಾಗಿರಲಿಲ್ಲ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಹುಡುಗ, ಆ ದಿನ ಅಲ್ಲೇ ಇದ್ದ. ಧುಮುಕಿದವನ ಅಂಗಿ ಮತ್ತು ಚಪ್ಪಲಿ ಹಿಡಿದುಕೊಂಡು ದಡದಲ್ಲಿ ನಿಂತಿದ್ದ.

ಮುಂದೆ ಈ ಕಟ್ಟಡಕ್ಕೆ ಬಾಡಿಗೆಗೆ ಬಂದಾಗ ಟೀವಿಯಲ್ಲಿ ಆ ಕತ್ತೆ ಕಾಣಿಸಿತು. “ಆ ದಿನ ನಾನೂ ಅಲ್ಲೇ ಇದ್ದೆ” ಎಂದ. ಕೆಳಮನೆಯ ಟೈಲರ್ ಅಕ್ಕ, “ಅಯ್ಯೋ, ಹಾಗಾದ್ರೆ ಅದು ನೀವೇನಾ ಅಣ್ಣಾ!” ಎಂದಳು. ಅವನು ಒಂದು ಗುಟುಕು ಟೀ ಕುಡಿದ. ಅಷ್ಟೇ. ಆ ಗುಟುಕು ಗಂಟಲಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ನಾಲ್ಕು ಮನೆ ಇಳಿದು ಹೋಗಿತ್ತು. ಮಕ್ಕಳು ಕಾಲುವೆ ಮಾಮ ಎಂದು ಕರೆದರು. ನಲ್ಲಿಯ ಸಾಲಿನಲ್ಲಿ ಅವನ ಬಿಂದಿಗೆ ತಾನಾಗಿ ಮುಂದಕ್ಕೆ ಹೋಯಿತು. ಮದುವೆಯಾಗಿ ಬಂದ ಹೆಂಡತಿಗೂ ಈ ಕತೆ ಗಂಡನಿಂದಲ್ಲ, ಟೈಲರ್ ಅಕ್ಕನಿಂದಲೇ ತಿಳಿಯಿತು. ಅಕ್ಕ ಹೇಳುವಾಗ ಅದರಲ್ಲಿ ಮೊಸಳೆಯೂ ಒಂದಿತ್ತು.

ಪ್ರತಿವರ್ಷ ವಾರ್ಷಿಕೋತ್ಸವಕ್ಕೆ ಕತ್ತೆ ಬರುತ್ತಿತ್ತು. ಕಟ್ಟಡಕ್ಕೆಲ್ಲ ಇದ್ದ ಒಂದೇ ಟೀವಿ ಮಾಮನದು, ಅದರಲ್ಲಿ ಯಾವಾಗಲೂ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ಚುಕ್ಕೆ. ಅದರೊಳಗೆ ಕಪ್ಪಗೆ ಏನೋ ಅಲ್ಲಾಡುತ್ತಿತ್ತು. “ಇದರಲ್ಲಿ ನೀವು ಯಾವುದು ಅಣ್ಣಾ, ಮೇಲಿರೋದಾ ಕೆಳಗಿರೋದಾ?” ಎಂದು ಅಕ್ಕ ಕೇಳುವಳು, ಎಲ್ಲರೂ ನಗುವರು, ಮಾಮನೂ ನಕ್ಕು ನೆಮ್ಮದಿಯಾಗಿ ಮಲಗುವನು. ಆ ಚುಕ್ಕೆಗಳೇ ಅವನ ಮರ್ಯಾದೆಯ ಕಂಬಳಿ. ಈಗ ತಾತ ಅದನ್ನೇ ಎಳೆಯಲು ಬಂದಿದ್ದಾನೆ.

“ಯಾಕೆ ತಾತ ಸುಮ್ಮನೆ? ಈಗಿರೋದೇ ಚೆನ್ನಾಗಿದೆ.”

“ಏನು ಚೆನ್ನಾಗಿದೆ ರೀ?” ಒಳಗಿಂದ ಹೆಂಡತಿ. “ವಾರ್ತೆ ಓದೋರು ಗಂಡೋ ಹೆಣ್ಣೋ ಅಂತ ದನಿ ಕೇಳಿ ತಿಳ್ಕೋಬೇಕು. ಕಟ್ಟಿ ತಾತ, ನೀವು ಕಟ್ಟಿ.”

ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿದ ಕೈ. ತಾತ ಅರ್ಧ ಗಂಟೆಯಲ್ಲಿ ಡಬ್ಬಿಯನ್ನು ತಾರಸಿಯ ಕಂಬಕ್ಕೆ ಬಿಗಿದು, ಕೆಳಗೆ ಟೀವಿಯ ಪಕ್ಕ ಅದರ ಪವರ್ ಪೆಟ್ಟಿಗೆ ಇಟ್ಟು ಸ್ವಿಚ್ ಹಾಕಿದ. ಸಾಸಿವೆಯಷ್ಟಿದ್ದ ಚುಕ್ಕೆಗಳು ಕಡಲೆಯಷ್ಟಾದವು. ಸೊಂಯ್ ಎನ್ನುತ್ತಿದ್ದ ಸದ್ದು ಭೋರ್ ಎಂದಿತು.

“ಅಯ್ಯೋ ಪಾಪ” ಎಂದ ಮಾಮ. ಹಲ್ಲು ಮಾತ್ರ ಮುಚ್ಚಲಾಗಲಿಲ್ಲ.

“ಬೂಸ್ಟರ್ ತಪ್ಪಲ್ಲ ಇದು” ಎಂದ ತಾತ, ತಲೆ ಕೆರೆದುಕೊಂಡು. “ಬಂದದ್ದನ್ನ ದೊಡ್ಡದು ಮಾಡೋದಷ್ಟೇ ಇದರ ಕೆಲಸ, ಇಲ್ಲದ್ದನ್ನ ಹುಟ್ಟಿಸೋದಿಲ್ಲ. ಕಸ ಬಂದ್ರೆ ಕಸಾನೇ ದೊಡ್ಡದಾಗುತ್ತೆ. ಊಟ ಮಾಡ್ಕೊಂಡು ಬರ್ತೀನಿ, ಆಮೇಲೆ ನೋಡೋಣ.”

ತಾತ ಆಮೇಲೆ ನೋಡುವುದು ಮಾಮನಿಗೆ ಬೇಕಿರಲಿಲ್ಲ. ಹೆಂಡತಿ ಪಾತ್ರೆ ತೊಳೆಯುವಾಗ ಮೆಲ್ಲಗೆ ತಾರಸಿಗೆ ಹತ್ತಿದ. ಇನ್ನೂ ಕೆಡಿಸಿಬಿಟ್ಟರೆ ತಾತ ಕೈಚೆಲ್ಲುತ್ತಾನೆ ಎಂದು ಆಂಟೆನಾ ಹಿಡಿದು ನೀರಿನ ಟ್ಯಾಂಕಿನ ಕಡೆಗೆ ಪೂರಾ ತಿರುಗಿಸಿದ.

ಕೆಳಗಿನಿಂದ ಹೆಂಡತಿ ಕೂಗಿದಳು: “ರೀ! ಬಂತು! ಬಂತು ರೀ!”

“ಏನು ಬಂತು?”

“ಮನುಷ್ಯರು ಬಂದ್ರು!”

ಯಾವುದೋ ಗಾಳಿಗೆ ತಿರುಗಿಕೊಂಡ ಆಂಟೆನಾ ಇಷ್ಟು ವರ್ಷ ಊರಿಗೆಲ್ಲ ಬೆನ್ನು ತೋರಿಸಿ ನಿಂತಿತ್ತು. ಟೀವಿ ಗೋಪುರ ಇದ್ದದ್ದು ಸರಿಯಾಗಿ ಟ್ಯಾಂಕಿನ ಕಡೆಗೆ.

ಮಾಮ ಗಾಬರಿಯಿಂದ ಹಿಂದಕ್ಕೆ ತಿರುಗಿಸಲು ಹೋದ. ಅಷ್ಟರಲ್ಲಿ ಒಗೆದ ಬಟ್ಟೆ ಹರವಲು ಟೈಲರ್ ಅಕ್ಕ ಬಂದಳು. “ಅಲುಗಾಡಿಸಬೇಡಿ ಅಣ್ಣಾ, ಚೆನ್ನಾಗಿ ಬರ್ತಿದೆಯಂತೆ!” ಎಂದು ಅಲ್ಲೇ ಕಾವಲು ನಿಂತಳು. ಮಾಮ ಮೆಟ್ಟಿಲು ಇಳಿಯುತ್ತ ಗೋಡೆಯ ಮೇಲೆ ಹರಿದಿದ್ದ ವೈರನ್ನು ನೋಡಿದ. ಮಧ್ಯದಲ್ಲಿ ಟೇಪು ಸುತ್ತಿದ ಹಳೆಯ ಜೋಡಣೆ. ಆಚೀಚೆ ನೋಡಿ, ಹಲ್ಲು ಕಚ್ಚಿ ಎಳೆದ. ವೈರು ಪಟ್ ಎಂದು ಎರಡಾಯಿತು. ತಿರುಗಿದರೆ ಎದುರಿಗೆ ತಾತ, ಉಂಡ ಕೈ ಒರೆಸಿಕೊಳ್ಳುತ್ತ.

“ತಾತ, ಅದು... ನಾನು...”

ತಾತ ತುಂಡನ್ನು ಕಣ್ಣ ಹತ್ತಿರ ಹಿಡಿದ. “ಶಭಾಷ್! ರೋಗ ಇಲ್ಲೇ ಇತ್ತು ನೋಡಿ. ಒಳಗೆಲ್ಲ ಕಿಲುಬು. ಇಷ್ಟು ವರ್ಷ ಲೈನ್ ಕೆಲಸ ಮಾಡಿದೋನಿಗೆ ಹೊಳೀಲಿಲ್ಲ, ನಿಮಗೆ ಹೊಳೀತು. ಕಾಲುವೆಗೆ ಹಾರೋ ಧೈರ್ಯ ಸುಮ್ಮನೆ ಬರುತ್ತಾ?” ಎಂದು ಮನೆಯಿಂದ ಹೊಸ ವೈರು ತಂದು ಮೇಲಿನಿಂದ ಕೆಳಗಿನವರೆಗೆ ಎಳೆದ.

ನಾಲ್ಕೂ ಮುಕ್ಕಾಲಿಗೆ ಮಾಮನ ಕೋಣೆ ಬಸ್ಸಿನಷ್ಟು ತುಂಬಿತ್ತು. ಟೈಲರ್ ಅಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮುಂದಿನ ಚಾಪೆ ಹಿಡಿದಳು. ಪವರ್ ಪೆಟ್ಟಿಗೆಯ ಮೇಲೊಂದು ತಿರುಪು ಇತ್ತು. ಎಲ್ಲರೂ ಜಾಗಕ್ಕೆ ತಳ್ಳಾಡುತ್ತಿರುವಾಗ ಮಾಮ ಕೈ ಹಿಂದೆ ಚಾಚಿ ಅದನ್ನು ಕೊನೆಯವರೆಗೆ ತಿರುಗಿಸಿದ. ಚಿತ್ರ ಚೂರುಚೂರಾಯಿತು. ಐದು ಸೆಕೆಂಡು ಅವನಿಗೆ ಸ್ವರ್ಗ.

“ಯಾರೋ ಜಾಸ್ತಿ ಮಾಡಿದ್ದಾರೆ. ಅತಿಯಾದ್ರೆ ಇದೂ ವಾಂತಿ ಮಾಡ್ಕೊಳ್ಳುತ್ತೆ” ಎಂದು ತಾತ ಎರಡು ಬೆರಳಿನಲ್ಲಿ ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಂದ.

ಚಿತ್ರ ತಿಳಿಯಾಯಿತು. ವಾರ್ತೆ ಓದುವಾಕೆಯ ಕಿವಿಯ ಓಲೆಯ ಕಲ್ಲು ಎಣಿಸಬಹುದಿತ್ತು.

“ಮುಂದಿನ ದೃಶ್ಯ, ಹನ್ನೆರಡು ವರ್ಷದ ಹಿಂದೆ...” ಎಂದಳು ಆಕೆ.

ಮಾಮ ಹೆಂಡತಿಯ ಕಡೆ ನೋಡಿದ. ಅವಳು ಒಳ್ಳೆಯ ಸೀರೆ ಉಟ್ಟು, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಪರದೆ ಹೇಳುವ ಮೊದಲು ತಾನೇ ಹೇಳಿದರೆ ಅರ್ಧ ಮರ್ಯಾದೆಯಾದರೂ ಉಳಿದೀತು ಎನ್ನಿಸಿತು. ಧಡಕ್ಕನೆ ಎದ್ದು ಟೀವಿಗೆ ಅಡ್ಡ ನಿಂತ.

“ಕೇಳಿ ಎಲ್ಲರೂ. ಅದು ನಾನಲ್ಲ. ನಾನು ದಡದಲ್ಲಿ ನಿಂತಿದ್ದೆ. ನನಗೆ ಈಜೋಕೇ ಬರಲ್ಲ. ಕತ್ತೆ ಎತ್ತಿದೋನು ಯಾರೋ ಬೇರೆ. ತಪ್ಪಾಯ್ತು.”

ಟೈಲರ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡಿ, ದೊಡ್ಡತನ ಅಂದ್ರೆ ಇದು! ಮುಖ ಕಾಣೋ ಹೊತ್ತಿಗೆ ನಾಚಿಕೆ ಪಟ್ಕೋತಿದ್ದಾರೆ. ಪಕ್ಕಕ್ಕೆ ಸರೀರಿ ಅಣ್ಣಾ!”

ತಾತ ತೋಳು ಹಿಡಿದು ಎಳೆದ. ಪರದೆಯ ಮೇಲೆ ಕಾಲುವೆ. ಗಾಜಿನಷ್ಟು ಸ್ವಚ್ಛ ಚಿತ್ರ. ನೀರಿನಿಂದ ಕತ್ತೆಮರಿ ಮೇಲೆ ಬಂತು, ಅದರ ಕೆಳಗೆ ಮನುಷ್ಯ ಬಂದ. ತಲೆಯಿಂದ ಸೊಂಟದವರೆಗೆ ಒಂದು ಗೇಣು ಕಪ್ಪು ಕೆಸರು. ಮೂಗು ಎಲ್ಲಿ, ಬಾಯಿ ಎಲ್ಲಿ ಎಂದು ಹೆತ್ತ ತಾಯಿಯೂ ಹೇಳುವಂತಿರಲಿಲ್ಲ. ಚಿತ್ರ ಮುಗಿಯಿತು.

ಮಾಮ ಕುಸಿದು ಕೂತ. ಇಷ್ಟಕ್ಕಾಗಿ ಬಾಯಿಬಿಟ್ಟನೇ!

“ನಿಲುವು ನೋಡಿದ್ರೇ ಗೊತ್ತಾಗುತ್ತೆ, ಅಣ್ಣನೇ” ಎಂದು ಅಕ್ಕ ಚಪ್ಪಾಳೆ ತಟ್ಟಿದಳು. “ನಮ್ಮ ಹುಡುಗೀರಿಗೆ ಈಜು ಕಲಿಸೋರಿಲ್ಲ ಅಂತ ಒದ್ದಾಡ್ತಿದ್ದೆ. ಮುಂದಿನ ಭಾನುವಾರ ಕೊಳಕ್ಕೆ ಕರ್ಕೊಂಡು ಹೋಗ್ತೀರಾ ಅಣ್ಣಾ?”

ಮಾಮ ಬಾಯಿ ತೆರೆಯುವ ಮೊದಲೇ ಹೆಂಡತಿ, “ಅದಕ್ಕೇನು, ಬರ್ತಾರೆ ಬಿಡಿ. ಕಟ್ಟಡದ ಮಕ್ಕಳನ್ನೆಲ್ಲ ಕಳಿಸಿ” ಎಂದಳು.

ಎಲ್ಲರೂ ಇಳಿದು ಹೋದ ಮೇಲೆ ಮಾಮ ಅಳುದನಿಯಲ್ಲಿ ಅಂದ: “ಏನು ಮಾಡ್ಬಿಟ್ಟೆ ಕಣೇ? ನಾನು ಹೇಳಿದ್ದು ನಿಜ.”

“ಗೊತ್ತು. ಎಲ್ಲರೂ ಕತ್ತೆ ನೋಡ್ತಿದ್ರು, ನಾನು ದಡ ನೋಡ್ತಿದ್ದೆ. ಅಲ್ಲಿ ನೀವು ಅಂಗಿ, ಚಪ್ಪಲಿ ಹಿಡ್ಕೊಂಡು, ಕಣ್ಣು ಬಿಗಿಯಾಗಿ ಮುಚ್ಕೊಂಡು ನಿಂತಿದ್ರಲ್ಲ, ಎಷ್ಟು ಸ್ಪಷ್ಟವಾಗಿ ಕಾಣ್ತಿತ್ತು!”

“ಹಾಗಾದ್ರೆ ಮಕ್ಕಳಿಗೆ ಕಲಿಸೋದು ಹೇಗೆ?”

“ಮೊದಲು ನೀವು ಕಲೀರಿ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಎದ್ದೇಳಬೇಕು.”

“ಯಾರು ಕಲಿಸ್ತಾರೆ?”

ಅವಳು ಚಾಪೆ ಸುತ್ತುತ್ತ ನಕ್ಕಳು. “ಕಾಲೇಜಿನಲ್ಲಿ ಮೂರು ವರ್ಷವೂ ಈಜಿನಲ್ಲಿ ಮೊದಲು ಬಂದೋಳು ನಾನೇ. ಕಾಲುವೆಗೆ ಹಾರಿ ಕತ್ತೆ ಎತ್ತಿದ ಗಂಡನ ಮುಂದೆ ಅದನ್ನೆಲ್ಲ ಏನು ಹೇಳ್ಕೊಳ್ಳೋದು ಅಂತ ಎಂಟು ವರ್ಷ ಬಾಯಿ ಮುಚ್ಕೊಂಡಿದ್ದೆ!”