ತಂಬಿಗೆಗಳ ಟೆಸ್ಟ್ ಮ್ಯಾಚು

ಸಪ್ತಾಪುರದ ನಮ್ಮ ಅಂಗಳದಲ್ಲಿ ಅವತ್ತು ಹಾಜರಿದ್ದವರು ಇಷ್ಟು ಮಂದಿ: ಪಕ್ಕದ ಮನೆಯ ಮಾಸ್ತರರು, ಹಿಟ್ಟಿನ ಗಿರಣಿಯ ಭೀಮಪ್ಪ, ಓಣಿಯ ಇನ್ನೂ ಒಂಬತ್ತು ಜನ, ನಮ್ಮ ಕಾಕು, ಕಾಲೇಜಿಗೆ ಚಕ್ಕರ್ ಹೊಡೆದಿದ್ದ ನಾನು, ಮತ್ತು ಹದಿಮೂರು ಪಾತ್ರೆಗಳು. ನಟ್ಟನಡುವೆ ಹೊರಸಿನ ಮೇಲೆ ಚಕ್ಕಳಮಕ್ಕಳ ಹಾಕಿದ ಕಾಕುವಿನ ಗಂಡ, ನಮ್ಮ ಕಾಕಾ. ಓಣಿಗೆ ಮೊಟ್ಟಮೊದಲು ರೇಡಿಯೋ ತಂದ ಮಹಾನುಭಾವ. ಅದರಲ್ಲೇನು ದೊಡ್ಡಸ್ತಿಕೆ ಅನ್ನುತ್ತೀರಾ? ಇದೆ. ನಮ್ಮ ಕಾಕಾ ಕಿವುಡ!

ಸುಳ್ಳಲ್ಲ. ಎಡಗಿವಿ ಯಾವಾಗಲೋ ಕೈಲಾಸ ಸೇರಿತ್ತು. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ನಾಲ್ಕು ಮಾತಿನಲ್ಲಿ ಒಂದು ಒಳಗೆ ಇಳಿಯುತ್ತಿತ್ತು, ಅದೂ ಅದಕ್ಕೆ ಮನಸ್ಸಿದ್ದರೆ. ಇಂಥವನು ರೇಡಿಯೋ ಕೊಂಡದ್ದು ಕ್ರಿಕೆಟ್ಟಿಗಾಗಿ. ಹರೆಯದಲ್ಲಿ ಒಮ್ಮೆ ಮುಂಬಯಿಗೆ ಹೋಗಿ ಟೆಸ್ಟ್ ಮ್ಯಾಚು ನೋಡಿ ಬಂದಿದ್ದನಂತೆ. ಆ ಹುಚ್ಚು ಹತ್ತಿದ್ದು ಇಳಿಯಲೇ ಇಲ್ಲ.

ಆಗ ರೇಡಿಯೋ ಇಡಬೇಕಾದರೆ ವರ್ಷಾ ವರ್ಷಾ ಪೋಸ್ಟಿನಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಕಾಕಾ ಅರ್ಜಿ ಬರೆದುಕೊಂಡು ಹೋದ: 'ಇದು ರೇಡಿಯೋ ಕೇಳುವುದಕ್ಕೆ ಕೊಡುವ ಲೈಸೆನ್ಸು. ನನಗೆ ಕೇಳಿಸುವುದಿಲ್ಲ. ಕಾರಣ ಮಾಫಿ ಮಾಡಬೇಕು.' ಪೋಸ್ಟ್ ಮಾಸ್ತರು ಪಾಪ ತಾಳ್ಮೆಯ ಮನುಷ್ಯ. "ಹಂಗ ಬರೂದಿಲ್ರಿ!" ಎಂದು ಮೂರು ಸಲ ಕೂಗಿ ಹೇಳಿದರು. ಕಾಕಾ ಮೂರು ಸಲವೂ "ಏನಂದ್ರಿ?" ಅಂದ. ನಾಲ್ಕನೆಯ ಸಲ ಸರದಿಯಲ್ಲಿ ನಿಂತವರೆಲ್ಲ ಸೇರಿ ಕೂಗಿದರು. ಆಗ ಕಟ್ಟಿ ಬಂದ.

ಮನೆಗೆ ಬಂದವನೇ ಕಾಯಿದೆ ಮಾಡಿದ: "ಓಣಿಯಾಗ ನಿಂತು ಕೇಳೂದು ಪುಕ್ಕಟ. ಒಳಗ ಬಂದು ನೋಡೂದಕ್ಕ ಟಿಕೀಟು!"

ರೇಡಿಯೋದಲ್ಲಿ ನೋಡುವುದೇನು ಅನ್ನುತ್ತೀರಾ? ನಾವೂ ಹಾಗೇ ಅಂದೆವು. ಕಾಕಾ ಬಿಡಬೇಕಲ್ಲ! ಬೆಳಿಗ್ಗೆ ಎದ್ದು ಕಾಕು ಅಂಗಳ ಸಾರಿಸಿ ಸುತ್ತಲೂ ರಂಗೋಲಿಯ ಗೆರೆ ಎಳೆಯಬೇಕು. ಅದು ಬೌಂಡರಿ. ಟಿಕೀಟು ಅಂದರೆ ಮನೆಯಿಂದ ಒಂದು ಪಾತ್ರೆ, ಅದರ ತುಂಬ ಚುರುಮುರಿಯೋ ಶೇಂಗಾವೋ ಪುಠಾಣಿಯೋ. ಬಂದ ಪಾತ್ರೆಗಳೆಲ್ಲ ಫೀಲ್ಡರುಗಳು. ಬ್ಯಾಟಿಗೆ ನಿಲ್ಲುವವು ಮಾತ್ರ ಕಾಕುವಿನ ತವರುಮನೆಯ ಎರಡು ಹಿತ್ತಾಳೆ ತಂಬಿಗೆ. ಚೆಂಡು ಒಂದು ಗೋಟಡಿಕೆ. ರೇಡಿಯೋದ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳಬೇಕು, ಕಾಕು ಅದರಂತೆ ಅಡಿಕೆ ಸರಿಸಬೇಕು, ಬೆರಳೆತ್ತಿ ರನ್ನು ತೋರಿಸಬೇಕು, ಮಾಸ್ತರರು ಪಾಟಿಯ ಮೇಲೆ ಬರೆಯಬೇಕು. ಕಾಕಾ? ಆತ ಒಂದು ಅಂಗೈಯನ್ನು ರೇಡಿಯೋದ ಪೆಟ್ಟಿಗೆಯ ಮೇಲಿಟ್ಟು ಕೂಡುತ್ತಿದ್ದ. ಅಲ್ಲಿ ಮಂದಿ ಚೀರಿದರೆ ಇಲ್ಲಿ ಪೆಟ್ಟಿಗೆ ನಡುಗುತ್ತಿತ್ತು. "ಏನೋ ಆತು! ಏನಾತು?" ಎಂದು ಅಡಿಕೆಯ ಕಡೆ ಕಣ್ಣು ಕಿಸಿಯುತ್ತಿದ್ದ.

ತಮ್ಮ ತಮ್ಮ ಪಾತ್ರೆಯ ಮೇಲೆ ಜನಕ್ಕೆ ಎಂಥ ಅಭಿಮಾನ ಅಂತೀರಿ! ಭೀಮಪ್ಪ ಒಂದು ದೊಡ್ಡ ಕೊಡವನ್ನೇ ಹೊತ್ತು ತಂದಿದ್ದ, ದೊಡ್ಡದಾದರೆ ಕ್ಯಾಚು ಹೆಚ್ಚು ಹಿಡಿದೀತೆಂದು. ಅದನ್ನು ವಿಕೆಟ್ ಕೀಪರ್ ಮಾಡಿದರು. ಮೊದಲನೆಯ ಓವರಿನಲ್ಲೇ ಅಡಿಕೆ ಅದರ ಪಕ್ಕದಿಂದ ಪಾರಾಗಿ ರಂಗೋಲಿ ದಾಟಿತು.

"ಏನ್ ಭೀಮಪ್ಪ, ಕೊಡಕ್ಕ ತೂತು ಬಿದ್ದೈತೇನು?" ಅಂದರು ಮಾಸ್ತರರು.

"ನಿಮ್ಮ ಚಂಬು ಏನ್ ಮಾಡಾಕತ್ತೈತ್ರಿ? ಬಂದಾಗಿಂದ ನಿಂತಲ್ಲೇ ನಿದ್ದಿ ಹೊಡ್ಯಾಕತ್ತೈತಿ!"

ಟೀ ವೇಳೆಗೆ ಕಾಕು ಫೀಲ್ಡರುಗಳನ್ನೆಲ್ಲ ಒಂದು ಬುಟ್ಟಿಗೆ ಸುರುವಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಗಿರ್ಮಿಟ್ ಕಲಸುತ್ತಿದ್ದಳು. ಎದುರಾಳಿಯ ಇಡೀ ಫೀಲ್ಡಿಂಗನ್ನು ತಿಂದು ತೇಗಿದ ಪ್ರೇಕ್ಷಕರು ಜಗತ್ತಿನಲ್ಲಿ ನಾವೇ ಇರಬೇಕು!

ಆದರೆ ಆ ಸಲದ ಮ್ಯಾಚಿನಲ್ಲಿ ಕಾಕುವಿನ ಮುಖದಲ್ಲಿ ನಗೆ ಇರಲಿಲ್ಲ. ಹಿಂದಿನ ವಾರ ಪೇಟೆಯಲ್ಲಿ ಒಂದು ಟಾಂಗಾ ಕಾಕಾನ ಬೆನ್ನ ಹಿಂದೆ ಬಂದಿತ್ತು. ಗಂಟೆ ಬಾರಿಸಿದರೂ ಇಲ್ಲ, ಬೈದರೂ ಇಲ್ಲ. ಕಡೆಗೆ ಟಾಂಗಾದವನು ಲಗಾಮು ಜಗ್ಗಿ ಹಿಡಿದಾಗ ಕುದುರೆಯ ಮೂತಿ ಈತನ ಹೆಗಲಿಗೆ ತಗಲಿತು. ತಿರುಗಿ ನೋಡಿದ ಕಾಕಾ ಕುದುರೆಯನ್ನೇ "ಯಾರ್ ಬೇಕಾಗಿತ್ರಿ?" ಎಂದು ಕೇಳಿದನಂತೆ! ಓಣಿಯೆಲ್ಲ ನಕ್ಕಿತು. ಕಾಕು ಅಡಿಗೆಮನೆಯಲ್ಲಿ ಕೂತು ಅತ್ತಳು.

ಮಿರಜಿನ ಡಾಕ್ಟರರು ಒಂದು ಕಿವಿಗಾದರೂ ಆಪರೇಶನ್ ಮಾಡಬಹುದು, ಆದರೆ ಇನ್ನು ತಡಮಾಡಬಾರದು ಅಂದಿದ್ದರು. ಕಾಕಾನಿಗೋ ಕತ್ತರಿ ಕಂಡರೆ ಜ್ವರ. ಮಿರಜ ಎಂದರೆ ಸಾಕು, ಇದ್ದ ಪಾವು ಕಿವಿಯೂ ಬಂದ್! ಅವತ್ತು ಬೆಳಿಗ್ಗೆ ಕಾಕು ಕಿವಿಗೆ ಬಾಯಿ ಹಚ್ಚಿ ಕೂಗಿದಾಗ, ತಪ್ಪಿಸಿಕೊಳ್ಳಲಾರದೆ ಎಲ್ಲರೆದುರು ಬ್ಯಾಟಿಗೆ ನಿಂತ ತಂಬಿಗೆಯನ್ನು ತೋರಿಸಿ ಹೇಳಿದ: "ಇವ ಸೆಂಚುರಿ ಹೊಡದ್ರ ನಾಳೆ ಮಿರಜಿನ ಗಾಡಿ ಹತ್ತತೇನಿ. ಹೊಡೀಲಿಲ್ಲೋ, ಮತ್ತ ಆ ಊರಿನ ಹೆಸರು ನನ್ನ ಮುಂದ ಎತ್ತಬಾರದು!"

ತಂಬಿಗೆ ನಿಧಾನವಾಗಿ ಆಡಿತು. ಐವತ್ತಾಯಿತು, ಎಂಬತ್ತಾಯಿತು. ಕಾಕುವಿನ ಬಾಯಲ್ಲಿ ದೇವರ ಹೆಸರು. ಕಾಕಾನಿಗೆ ಒಂದು ಕಡೆ ನಮ್ಮವನು ಹೊಡೆಯಲಿ ಎಂಬ ಆಸೆ, ಇನ್ನೊಂದು ಕಡೆ ಮಿರಜಿನ ಕತ್ತರಿ! ಪ್ರತಿ ರನ್ನಿಗೂ "ಶಾಬಾಸ್" ಅಂದು ಮರುಕ್ಷಣ ಕಿವಿ ಮುಟ್ಟಿಕೊಳ್ಳುತ್ತಿದ್ದ. ಪಾಟಿಯ ಮೇಲೆ ತೊಂಬತ್ತಾರು.

ಆಗ ಚೆಂಡು ಮೇಲೆದ್ದಿತು. ಮಂದಿ ಹೋ ಎಂದು ಚೀರಿದರು. ಪೆಟ್ಟಿಗೆ ಗದಗದ ನಡುಗಿತು.

"ಏನಾತು? ಏನಾತು?" ಕಾಕಾ ಅರ್ಧ ಎದ್ದ.

"ಕ್ಯಾಚ್ ಹಿಡದ್ರು, ಕಾಕು. ಔಟ್," ಅಂದೆ ನಾನು.

ಕಾಕು ತಂಬಿಗೆಯನ್ನು ನೋಡಿದಳು. ಅದನ್ನು ಎತ್ತಲಿಲ್ಲ. ಅಡಿಕೆಯನ್ನು ಎತ್ತಿ ಮೆಲ್ಲಗೆ ರಂಗೋಲಿಯ ಆಚೆ ಇಟ್ಟು, ಕಾಕಾನ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿದಳು.

ಎಲ್ಲರ ಕಣ್ಣು ಮಾಸ್ತರರ ಮೇಲೆ. ಸುಳ್ಳು ಹೇಳಿದ ತಪ್ಪಿಗೆ ನಮಗೆಲ್ಲ ಬೆತ್ತದ ರುಚಿ ತೋರಿಸಿದ ಮನುಷ್ಯ! ಅವರು ಕನ್ನಡಕ ತೆಗೆದರು, ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಪಾಟಿಯ ಮೇಲೆ ದುಂಡಗೆ ಬರೆದರು: ನೂರು.

ಭೀಮಪ್ಪ ಕೊಡದ ಮೇಲೆ ಬಾರಿಸತೊಡಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಹೊರಸಿನ ಮೇಲೆ ನಿಂತು ಕುಣಿದ, ಕುಣಿಯುತ್ತಿದ್ದಂತೆ ಮಾತು ನೆನಪಾಗಿ ದೊಪ್ಪನೆ ಕೂತ. "ಅಯ್ಯೋ ನನ್ನ ಹಣಿಬಾರನ! ನಾಳೆ ಗಾಡಿ ಎಷ್ಟಕ್ಕೈತಿ?"

ಕಾಕು ತಡಮಾಡದೆ ರೇಡಿಯೋ ಬಂದ್ ಮಾಡಿ ಗಿರ್ಮಿಟ್ಟಿಗೆ ಕೂತಳು.

ಮರುದಿನ ಬೆಳಿಗ್ಗೆ ಇನ್ನೊಂದು ಗಂಡಾಂತರ. ಕಾಕಾನಿಗೆ ಕಿವಿ ಇಲ್ಲದಿದ್ದರೇನು, ಕಣ್ಣಿದ್ದವಲ್ಲ! ಪೇಪರು ಬಂತು, ಅದರಲ್ಲಿ ಮ್ಯಾಚಿನ ಸುದ್ದಿ ಇದ್ದೇ ಇರುತ್ತದೆ. ಕಾಕು ಅದನ್ನು ಬಾಗಿಲಲ್ಲೇ ಇಸಿದುಕೊಂಡು ಒಳಗೆ ಮಾಯವಾದಳು. "ಇವತ್ತ ಪೇಪರ್ ಬಂದಿಲ್ರೀ" ಎಂದು ಕೈ ತಿರುವಿ ತೋರಿಸಿದಳು. ಗಾಡಿ ಹೊರಟಿತು. ನಾನು ನಿಟ್ಟುಸಿರು ಬಿಟ್ಟೆ.

ಮೂರು ವಾರದ ಮೇಲೆ ಇಬ್ಬರೂ ಬಂದರು. ಕಾಕಾನ ಬಲಗಿವಿಗೆ ಹತ್ತಿ. ನಾನು ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಕೂಗಿದೆ.

"ಯಾಕಲೇ ಒದರತಿ? ನಾನೇನ್ ಕಿವುಡೇನು?" ಅಂದ ಕಾಕಾ!

ಕಾಕು ಒಳಗೆ ಹೋದದ್ದೇ ತಡ, ಅಂಗಿಯ ಕಿಸೆಯಿಂದ ಎಣ್ಣೆ ಹತ್ತಿದ, ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟ. ಅವತ್ತಿನ ಪೇಪರು. ನಮ್ಮ ಕಾಕು ಅದನ್ನು ಎಲ್ಲಿ ಬಚ್ಚಿಟ್ಟಿದ್ದಳು ಗೊತ್ತೇ? ಅದರಲ್ಲೇ ಬುತ್ತಿಯ ರೊಟ್ಟಿ ಕಟ್ಟಿದ್ದಳು!

"ಲೋಂಡಾದಾಗ ಬುತ್ತಿ ಬಿಚ್ಚಿದ್ನೆಪಾ. ಪಲ್ಯಾದ ಬುಡಕ್ಕ ತೊಂಬತ್ತಾರು ಕುಂತಿತ್ತು."

"ಮತ್ತ ಅಲ್ಲೇ ಇಳಕೊಂಡು ಯಾಕ ಬರ್ಲಿಲ್ಲ, ಕಾಕಾ?"

ಕಾಕಾ ಅಡಿಗೆಮನೆಯ ಕಡೆ ನೋಡಿದ. "ನಿಮ್ಮ ಕಾಕು ನಾಕು ಬಟ್ಟು ತೋರ್ಸಿದ್ಲಲ್ಲೋ. ಅಂಪೈರ್ ಕೈ ಎತ್ತಿದ ಮ್ಯಾಲೆ ವಾದ ಮಾಡಬಾರ್ದು."

ಮುಂದಿನ ಮ್ಯಾಚಿನ ದಿನ ಬೆಳಿಗ್ಗೆ ಕಾಕಾ ತಾನೇ ಅಂಗಳ ಸಾರಿಸಿ ಸೊಟ್ಟ ಸೊಟ್ಟ ರಂಗೋಲಿ ಎಳೆದ. ಕಾಕುವನ್ನು ಕರೆದು ಹೊರಸಿನ ಮೇಲೆ ಕೂಡಿಸಿದ. ಆಕೆ ಸೆರಗಿನ ತುದಿಯಲ್ಲಿ ಕಟ್ಟಿದ್ದ ಒಂದು ಹಿಡಿ ಚುರುಮುರಿ ಬಿಚ್ಚಿ ಕೊಟ್ಟಳು. ಕಾಕಾ ಟಿಕೀಟು ತೆಗೆದುಕೊಂಡು, ರೇಡಿಯೋಕ್ಕೆ ಬಲಗಿವಿ ಹಚ್ಚಿ, ಅಡಿಕೆ ಸರಿಸತೊಡಗಿದ.