ಮೇಲಿನ ಡೆಕ್ಕಿಗೆ ಹದಿನೈದು ಮಂದಿ

“ನನ್ನ ತೂಕ ಕೇಳ್ಲಿಕ್ಕೆ ನೀವು ಯಾರು ಮಹಾಲಿಂಗಣ್ಣ? ನನ್ನ ಗಂಡನಿಗೇ ನಾನದನ್ನು ಹೇಳಿದ್ದಿಲ್ಲ.”

“ನನಗೆ ಬೇಕಾಗಿ ಕೇಳುದಲ್ಲ ಕುಸುಮಕ್ಕ. ಪರೀಕ್ಷೆ ಮಾಡುವ ಆಫೀಸರಿಗೆ ಬೇಕು.”

“ಹಾಗಾದ್ರೆ ಆಫೀಸರೇ ಬಂದು ಕೇಳ್ಲಿ. ಯಾಟ್‌ನಲ್ಲಿ ಕೂರಿಸ್ತೇನೆ ಅಂತ ಕರ್ದು, ಪಟ್ಟೆ ಸೀರೆ ಉಡಿಸಿ, ಈಗ ಅಕ್ಕಿ ಮೂಟೆಯ ಹಾಗೆ ತೂಕ ಬರೀತೀರಲ್ಲ, ನಾಚಿಕೆ ಆಗುದಿಲ್ವಾ?”

“ಕೂರಿಸ್ತೇನೆ ಅಂದದ್ದು ಹೌದು. ಓಡಿಸ್ತೇನೆ ಅಂತ ಎಲ್ಲಿ ಹೇಳಿದ್ದೇನೆ? ಮೆಸೇಜ್ ತೆಗ್ದು ನೋಡಿ.”

“ಕೋರ್ಟಿನ ಬುದ್ಧಿ ಕೋರ್ಟಲ್ಲೇ ಬಿಟ್ಟು ಬರ್ಬೇಕಿತ್ತು. ಬರೀರಿ, ಐವತ್ತೆಂಟು.”

ಮಹಾಲಿಂಗ ನಂಬದ ಮುಖ ಮಾಡಿಕೊಂಡು ಐವತ್ತೆಂಟು ಎಂದು ಬರೆದುಕೊಂಡ.

ಕಾಸರಗೋಡಿನ ಮಹಾಲಿಂಗ ಎರ್ನಾಕುಳಂನ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಕೂತರೆ ಹೆಂಡತಿಯೊಂದಿಗೆ ಜಗಳವಾಗುತ್ತದೆ ಎಂದು ಮಟ್ಟಾಂಚೇರಿಯ ಒಂದು ದೋಣಿ ಕಟ್ಟುವ ಯಾರ್ಡಿನಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದ. ಆ ಯಾರ್ಡಿನವರು ಈ ವರ್ಷ ಒಂದು ಐಷಾರಾಮಿ ಮೋಟಾರ್ ಯಾಟ್ ಕಟ್ಟಿದ್ದರು. ಕೆಳಗೆ ಏಸಿ ಕೋಣೆಗಳು. ಮೇಲೆ ಅತಿಥಿಗಳಿಗಾಗಿ ಬಯಲು ಡೆಕ್ಕು: ತೇಗದ ನೆಲ, ಹಾಲಿನಂಥ ಬಿಳಿ ಸೋಫಾ, ಮೂಲೆಯಲ್ಲೊಂದು ಪುಟ್ಟ ಬಾರ್ ಕೌಂಟರು. ಅಲ್ಲಿಗೆ ಚಪ್ಪಲಿ ಹಾಕಿ ಹತ್ತುವಂತಿಲ್ಲ.

“ಮೇಲೆ ಹದಿನೈದು ಮಂದಿ ಕೂರಬಹುದು ಅಂತ ಸರ್ಟಿಫಿಕೇಟು ತೆಗೆಸಿಕೊಡಿ. ಭಾನುವಾರ ಸಂಜೆ ನಿಮ್ಮ ಮಗಳ ನಿಶ್ಚಿತಾರ್ಥ ಅಲ್ಲೇ ಮಾಡಿ” ಎಂದಿದ್ದರು ಮಾಲೀಕರು. ಆ ಮಾತು ಮುಗಿಯುವುದರೊಳಗೆ ಮಹಾಲಿಂಗನ ಹೆಂಡತಿ ಶಂಕರಿ ತಿರುವನಂತಪುರದ ಬೀಗರಿಗೆ ಫೋನು ಮಾಡಿ ಹೇಳಿಬಿಟ್ಟಿದ್ದಳು. ಮಾತಾಡಿಟ್ಟಿದ್ದ ಸಭಾಂಗಣವನ್ನೂ ಬೇಡವೆಂದಿದ್ದಳು. ಆ ಸಭಾಂಗಣ ಅದೇ ದಿನ ಬೇರೆಯವರ ಪಾಲಾಯಿತು. ಇಂದು ಗುರುವಾರ. ಸರ್ಟಿಫಿಕೇಟು ಸಿಗದಿದ್ದರೆ ಭಾನುವಾರ ಮಗಳು ವಿಜೇತಾಳನ್ನು ಎಲ್ಲಿ ಕೂರಿಸುವುದು ಎಂದು ಅವನಿಗೆ ಗೊತ್ತಿರಲಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಕಟ್ಟಿ ನಿಲ್ಲಿಸಿದ ದೋಣಿಯ ಮೇಲಿನ ಡೆಕ್ಕಿಗೆ ಭಾರ ಹೇರಿ, ಆ ಭಾರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸುತ್ತಾರೆ. ದೋಣಿ ಎಷ್ಟು ವಾಲಿತು ಎಂದು ಅಳೆಯುತ್ತಾರೆ. ಭಾರಕ್ಕೆ ತಕ್ಕಷ್ಟೇ ವಾಲಿದರೆ ಪಾಸು. ಇದಕ್ಕೆಂದು ಇಟ್ಟಿದ್ದ ಮರಳು ಚೀಲಗಳನ್ನು ಯಾರೋ ಗೋಡೆ ಕೆಲಸಕ್ಕೆ ಸುರಿದುಕೊಂಡಿದ್ದರು. ಮಹಾಲಿಂಗ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದ. ಎರಡು ನಿಮಿಷದಲ್ಲಿ ತನ್ನದೂ ಹೆಂಡತಿಯದೂ ಸೇರಿ ಹದಿನೈದು ಹೆಸರಾದವು. ಗಂಡಸರು ಕೂಲಿಂಗ್ ಗ್ಲಾಸು, ಹೆಂಗಸರು ಮಲ್ಲಿಗೆ, ಚಿತ್ರಾನ್ನದ ಡಬ್ಬಿಗಳ ಸಮೇತ ಬಂದಿಳಿದರು.

ಹತ್ತು ಗಂಟೆಗೆ ಆಫೀಸರ್ ಕೃಷ್ಣಕುಮಾರ್ ಬಂದರು. ವಾಲುವುದನ್ನು ಅಳೆಯಲು ಡೆಕ್ಕಿನ ಕಂಬದಿಂದ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಇಳಿಬಿಟ್ಟರು. “ಎಲ್ಲರೂ ಎಡಕ್ಕೆ” ಎಂದು ಮಲಯಾಳದಲ್ಲಿ ಹೇಳಿದರು. ಹದಿನೈದು ಮಂದಿ ಎಡಕ್ಕೆ ಸರಿದರು. ದೋಣಿ ಒಂದು ಬೆರಳಿನಷ್ಟು ವಾಲಿತು. ಸಂಘದ ಖಜಾಂಚಿ ಮೋಹನ ಅಷ್ಟಕ್ಕೇ ಸೋಫಾ ಹಿಡಿದುಕೊಂಡ.

“ನನಗೆ ತಲೆ ತಿರುಗ್ತದೆ ಮಾರಾಯ್ರೆ.”

“ಹಗ್ಗ ಕಟ್ಟಿ ಉಂಟಲ್ಲ ಮೋಹನ, ಎಲ್ಲಿಗೂ ಹೋಗುದಿಲ್ಲ.”

“ಹಗ್ಗ ದೋಣಿಗೆ ಕಟ್ಟಿದ್ದು. ನನ್ನ ಹೊಟ್ಟೆಗಲ್ಲ.”

ಮೋಹನ ಇಳಿದುಹೋಗಿ ದಡದಲ್ಲಿ ತೆಂಗಿನ ಮರವನ್ನು ಅಪ್ಪಿಕೊಂಡು ಕೂತ. ಒಬ್ಬರು ಕಡಿಮೆಯಾದರು. ಮಹಾಲಿಂಗ ಗೇಟಿನ ಕಾವಲುಗಾರನನ್ನು ಕರೆಯಬೇಕು ಎನ್ನುವಷ್ಟರಲ್ಲಿ ಒಂದು ಬಿಳಿ ಕಾರು ಒಳಗೆ ಬಂತು. ಇಳಿದವರು ಬೀಗರಾಗಬೇಕಾದ ಶ್ರೀಪತಿಯವರು. ಮೈಸೂರಿನ ಕಡೆಯವರು, ತಿರುವನಂತಪುರದಲ್ಲಿ ವಿಜ್ಞಾನಿ. ಭಾನುವಾರದ ಜಾಗವನ್ನು ಮೊದಲೇ ನೋಡಿಹೋಗೋಣ ಎಂದು ಬಂದಿದ್ದರು.

“ಒಬ್ರು ಕಮ್ಮಿನಾ? ಅದಕ್ಕೇನಂತೆ, ನಾನಿದ್ದೀನಲ್ಲ” ಎಂದು ಅವರೇ ಬೂಟು ಬಿಚ್ಚಿದರು. “ನಂದು ಎಪ್ಪತ್ತೊಂದು ಪಾಯಿಂಟ್ ನಾಲ್ಕು. ಬರ್ಕೊಳ್ಳಿ. ನಮ್ಮ ಕೆಲಸದಲ್ಲಿ ಪಾಯಿಂಟ್ ಬಿಟ್ರೆ ರಾಕೆಟ್ಟೇ ದಾರಿ ತಪ್ಪುತ್ತೆ.”

“ಬೀಗರನ್ನು ಮರಳು ಚೀಲ ಮಾಡಿದ್ರಲ್ಲ” ಎಂದು ಶಂಕರಿ ಗಂಡನ ಕಿವಿಯ ಹತ್ತಿರ ಹಲ್ಲು ಕಡಿದಳು.

ಎಡಕ್ಕಾಯಿತು, ಬಲಕ್ಕಾಯಿತು. ನಡುವೆ ಪ್ರಯಾಣಿಕರ ಬೋಟೊಂದು ಹಾದುಹೋದಾಗ ಎಲ್ಲರೂ ಒಂದೇ ಬದಿಗೆ ಓಡಿ ಸೆಲ್ಫಿ ತೆಗೆದುಕೊಂಡು ಬೈಸಿಕೊಂಡರು. ಅಷ್ಟು ಹೊತ್ತೂ ಶ್ರೀಪತಿಯವರು ಗುರುತ್ವ ಕೇಂದ್ರದ ಬಗ್ಗೆ ವಿವರಿಸುತ್ತಿದ್ದರು. ಕೃಷ್ಣಕುಮಾರ್ ಕೌಂಟರಿನ ಮೇಲೆ ಕಾಗದ ಹರಡಿ ಎರಡೆರಡು ಸಲ ಲೆಕ್ಕ ಹಾಕಿ ತಲೆಯಾಡಿಸಿದರು.

“ಸಾರ್, ಇಷ್ಟು ಕಡಿಮೆ ಭಾರಕ್ಕೆ ಇಷ್ಟು ವಾಲಬಾರದು. ಈ ಲೆಕ್ಕದಲ್ಲಿ ಮೇಲೆ ಎಂಟೇ ಮಂದಿಗೆ ಕೊಡಬಹುದು.”

“ಎಂಟಾ?” ಎಂದಳು ಶಂಕರಿ. “ಹುಡುಗ, ಹುಡುಗಿ, ಎರಡು ಕಡೆಯ ಅಪ್ಪ ಅಮ್ಮ, ಭಟ್ರು, ಫೋಟೋದವ. ನನ್ನ ಅಕ್ಕತಂಗಿಯರೆಲ್ಲ ನೀರಲ್ಲಿ ನಿಲ್ಲುದಾ?”

ಮಹಾಲಿಂಗನಿಗೆ ಪಿತ್ತ ನೆತ್ತಿಗೇರಿತು. “ದೋಣಿ ಸರಿ ಉಂಟು ಸಾರ್. ಸುಳ್ಳು ಹೇಳುದು ಈ ಪಟ್ಟಿ. ಎಲ್ಲರನ್ನೂ ತೂಗಿ” ಎಂದು ಕುಸುಮಾವತಿಯ ಕಡೆ ನೋಡಿದ. ಉಳಿದ ಗಂಡಸರೂ ಆ ಕಡೆಯೇ ನೋಡಿದರು.

ಪಕ್ಕದ ಕಾಳುಮೆಣಸಿನ ಗೋದಾಮಿನಿಂದ ತೂಕದ ಯಂತ್ರ ಬಂತು. ಅದರೊಂದಿಗೆ ಗೋದಾಮಿನ ಅರ್ಧ ಜನವೂ ಬಂದರು. ದಡದಲ್ಲಿಟ್ಟ ಯಂತ್ರದ ಮೇಲೆ ಮೊದಲು ಕುಸುಮಾವತಿಯೇ ನಿಂತಳು.

“ಐವತ್ತೆಂಟೂವರೆ” ಎಂದರು ಕೃಷ್ಣಕುಮಾರ್.

“ಸ್ವಲ್ಪ ಜೋರಾಗಿ ಹೇಳಿ. ಮಹಾಲಿಂಗಣ್ಣನಿಗೆ ಕೇಳ್ಲಿಲ್ಲ. ಆ ಅರ್ಧ ಪಟ್ಟೆ ಸೀರೆಯದ್ದು.”

ಹೆಂಗಸರೆಲ್ಲ ತಾವು ಹೇಳಿದ್ದರ ಒಂದು, ಒಂದೂವರೆ ಕಿಲೋದ ಆಚೀಚೆ ಇದ್ದರು. ಗಂಡಸರದ್ದು ಬೇರೆ ಕತೆ. ಒಬ್ಬರು ಒಂಬತ್ತು ಕಿಲೋ ಜಾಸ್ತಿ, ಇನ್ನೊಬ್ಬರು ಹನ್ನೆರಡು. ಮಹಾಲಿಂಗನೇ ಹನ್ನೊಂದು ಕಿಲೋ ಬಚ್ಚಿಟ್ಟಿದ್ದ.

“ಮದುವೆಯಾದಾಗ ತೂಗಿದ್ದು, ಅದೇ ನೆನಪಲ್ಲಿತ್ತು” ಎಂದ.

“ನನಗೂ ಅದೇ ನೆನಪಲ್ಲಿತ್ತು. ಈಗ ಹೋಯ್ತು” ಎಂದಳು ಶಂಕರಿ.

ಕೊನೆಗೆ ಶ್ರೀಪತಿಯವರು ಉಳಿದರು. “ನಂದು ಬೇಡ ಬಿಡ್ರೀ. ಲ್ಯಾಬಿನ ಮೆಷಿನ್ನಲ್ಲಿ ನೋಡಿರೋದು.”

ಬೀಗರನ್ನು ಬಿಟ್ಟುಬಿಡೋಣ ಎಂದು ಮಹಾಲಿಂಗ ಕಣ್ಸನ್ನೆ ಮಾಡಿದ. ಕೃಷ್ಣಕುಮಾರ್ ಒಪ್ಪಲಿಲ್ಲ. ಒಬ್ಬರನ್ನು ಬಿಟ್ಟರೂ ಹಳೆಯ ಪಟ್ಟಿಯೇ ಗತಿ, ಎಂಟೇ ಮಂದಿ ಎಂದರು. ಶ್ರೀಪತಿಯವರು ಬಿಸಿ ದೋಸೆ ಕಲ್ಲಿನ ಮೇಲೆ ಕಾಲಿಡುವವರಂತೆ ಯಂತ್ರ ಹತ್ತಿದರು. ಗೋದಾಮಿನವನು ರೂಢಿಯಂತೆ ಮೂರನೇ ಬೀದಿಗೆ ಕೇಳುವ ಹಾಗೆ ಕೂಗಿದ: “ತೊಂಬತ್ತಮೂರು, ಆರುನೂರು.”

ಮೋಹನ ಮರ ಬಿಟ್ಟು ಎದ್ದು ನಿಂತ.

“ಇದು ವ್ಯಾಪಾರಿಗಳ ಮೆಷಿನ್ನು ಸ್ವಾಮಿ. ಕ್ಯಾಲಿಬ್ರೇಷನ್ ಇಲ್ಲ.”

“ಹಾಗೋ?” ಎಂದು ಕುಸುಮಾವತಿ ಮತ್ತೊಮ್ಮೆ ಹತ್ತಿದಳು. “ಐವತ್ತೆಂಟೂವರೆ. ನನಗೆ ಸರಿಯೇ ತೋರಿಸ್ತದಲ್ಲ.”

ಎಲ್ಲರೂ ತಿರುಗಿ ಡೆಕ್ಕಿಗೆ ಹತ್ತಿದರು. ಕೃಷ್ಣಕುಮಾರ್ ಹೊಸ ಪಟ್ಟಿ ಬರೆದು, ಲೆಕ್ಕ ಹಾಕಿ, ಮೊದಲ ಸಲ ನಕ್ಕರು. “ಈಗ ಕೂಡುತ್ತದೆ. ಹದಿನೈದಕ್ಕೆ ಪಾಸು. ಒಮ್ಮೆ ಸುಳ್ಳಾದ ಪಟ್ಟಿ, ಅದಕ್ಕೆ ಪ್ರತಿಯೊಬ್ಬರೂ ಅವರವರ ತೂಕದ ಮುಂದೆ ಸಹಿ ಹಾಕಬೇಕು.”

ಹದಿನಾಲ್ಕು ಸಹಿ ಬಿದ್ದವು. ಮಹಾಲಿಂಗ ಕಾಗದವನ್ನು ಬೀಗರ ಮುಂದೆ ಹಿಡಿದ.

“ಬೀಗರೇ, ಒಂದು ಸಹಿ. ಮಕ್ಕಳ ಕಾರ್ಯ.”

ಶ್ರೀಪತಿಯವರು ತೊಂಬತ್ತಮೂರನ್ನು ನೋಡಿದರು. ಸಾಲಾಗಿ ನಿಂತ ಸಂಘದವರನ್ನು ನೋಡಿದರು. “ನನ್ನ ಪೆನ್ನು ಕಾರಲ್ಲಿದೆ. ತಂದ್ಬಿಡ್ತೀನಿ.”

ಅವರ ಜೇಬಿನಲ್ಲೇ ಒಂದು ಪೆನ್ನಿತ್ತು. ಅವರು ಮೆಟ್ಟಿಲು ಇಳಿದರು, ಬೂಟು ಹಾಕಿಕೊಂಡರು, ಲೇಸು ಕಟ್ಟಲಿಲ್ಲ. ಮೇಲಿನ ಡೆಕ್ಕಿನಿಂದ ಯಾರ್ಡು, ಗೇಟು, ಆಚೆಯ ರಸ್ತೆ ಎಲ್ಲ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಬಿಳಿ ಕಾರು ಹಿಂದಕ್ಕೆ ಬಂದು, ತಿರುಗಿ, ಗೇಟು ದಾಟುವುದನ್ನು ಎಲ್ಲರೂ ನಿಂತು ನೋಡಿದರು.

“ಪೆನ್ನು ತರ್ಲಿಕ್ಕೆ ತಿರುವನಂತಪುರಕ್ಕೇ ಹೋದ್ರಾ?” ಎಂದಳು ಕುಸುಮಾವತಿ.

ಫೋನಿಗೆ ಉತ್ತರ ಬರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಬೀಗಿತಿಯಿಂದ ಶಂಕರಿಗೆ ಒಂದು ಮೆಸೇಜ್ ಬಂತು: ಭಾನುವಾರ ನಮಗೆ ಅನುಕೂಲ ಆಗೋಲ್ಲ, ಮುಂದಿನ ವಿಷಯ ಆಮೇಲೆ ಯೋಚಿಸೋಣ. ಶಂಕರಿ ಅದನ್ನು ಗಂಡನಿಗೆ ತೋರಿಸಿ, ಬಿಳಿ ಸೋಫಾದ ಮೇಲೆ ಕೂತು ಚಿತ್ರಾನ್ನದ ಡಬ್ಬಿಯ ಮುಚ್ಚಳ ಹಾಕಿದಳು.

ಕೃಷ್ಣಕುಮಾರ್ ಹದಿನೈದನೇ ಹೆಸರಿನ ಮೇಲೆ ಗೆರೆ ಎಳೆದರು. “ಬೇಸರ ಬೇಡ ಸಾರ್. ಇರುವ ಹದಿನಾಲ್ಕು ಮಂದಿಯ ತೂಕದಲ್ಲೇ ಮೊದಲಿಂದ ಅಳೆದುಬಿಡೋಣ, ಲೆಕ್ಕ ಹದಿನೈದಕ್ಕೇ ಬರುತ್ತದೆ. ಭಾನುವಾರಕ್ಕೆ ನಿಮಗೆ ಡೆಕ್ಕು ಖಂಡಿತ.”

ಎಲ್ಲರೂ ಮತ್ತೆ ಎಡಕ್ಕೆ ಹೋದರು, ಬಲಕ್ಕೆ ಬಂದರು. ಮಹಾಲಿಂಗನೂ ಹೋದ, ಬಂದ. ಎಡಕ್ಕೆ ನಿಂತಾಗ ಹಿನ್ನೀರು ಕಾಣುತ್ತಿತ್ತು. ಬಲಕ್ಕೆ ನಿಂತಾಗ ಗೇಟು ಕಾಣುತ್ತಿತ್ತು. ಗೇಟಿನಲ್ಲಿ ಯಾರೂ ಇರಲಿಲ್ಲ.